ದಂಡವನ್ನು ಹಿಡಿದ ಕೈ

ಮ್ಯಾಜಿಸ್ಟ್ರೇಟು ಎಂಬ ಪದವನ್ನು ಕೇಳದ ಕನ್ನಡಿಗರು ವಿರಳ. ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಹತ್ತಿದವರಿಗೂ ಅದು ಪರಿಚಿತ. ಕೋರ್ಟಿನ ಜಗಲಿಯಲ್ಲಿ ಕೂಗು ಬರುವವರೆಗೆ ಕಾದವರಿಗೂ ಪರಿಚಿತ. ಆದರೆ ಈ ಇಬ್ಬರು ಆ ಒಂದು ಪದದಿಂದ ಸೂಚಿಸುವ ಅಧಿಕಾರಿ ಒಬ್ಬನಲ್ಲ. ಮೊದಲನೆಯವರ ಮ್ಯಾಜಿಸ್ಟ್ರೇಟರು ತಹಶೀಲ್ದಾರರು. ಎರಡನೆಯವರ ಮ್ಯಾಜಿಸ್ಟ್ರೇಟರು ನ್ಯಾಯಾಧೀಶರು. ಒಬ್ಬರು ಸರ್ಕಾರದ ಆಜ್ಞೆಯನ್ನು ನಡೆಯಿಸತಕ್ಕವರು. ಇನ್ನೊಬ್ಬರು, ಆ ಆಜ್ಞೆಯನ್ನು ಮೀರಿದನೆಂದು ಹಿಡಿದು ತಂದವನು ನಿಜವಾಗಿ ಅಪರಾಧಿಯೇ ಅಲ್ಲವೇ ಎಂಬುದನ್ನು ವಿಚಾರಿಸತಕ್ಕವರು. ಇಷ್ಟು ಭಿನ್ನವಾದ ಎರಡು ಕೆಲಸಗಳಿಗೆ ಒಂದೇ ಹೆಸರು ಬಂದಿರುವುದು ಆಕಸ್ಮಿಕವಲ್ಲ. ಚರಿತ್ರೆಯ ಬಹುಭಾಗದಲ್ಲಿ ಈ ಎರಡನ್ನೂ ಮಾಡುತ್ತಿದ್ದವನು ಒಬ್ಬನೇ ಆಗಿದ್ದನು. ಅಪ್ಪಣೆ ಕೊಡುವ ಕೈಯೂ ತೀರ್ಪು ಕೊಡುವ ಕೈಯೂ ಒಂದೇ ಆದಾಗ ಆ ಕೈಯನ್ನು ಹಿಡಿದು ನಿಲ್ಲಿಸುವವರಾರು? ಬೇರೆಬೇರೆ ರಾಜ್ಯಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರಗಳನ್ನು ಕೊಟ್ಟವು. ಅವುಗಳಲ್ಲಿ ಕೆಲವನ್ನು ಇಂದು ವಿಚಾರಮಾಡೋಣ.

ಮೊದಲು ಪದವನ್ನೇ ನೋಡುವ. ಲ್ಯಾಟಿನ್ ಭಾಷೆಯಲ್ಲಿ ‘ಮಗಿಸ್’ ಎಂದರೆ ‘ಹೆಚ್ಚು’ ಎಂದರ್ಥ. ನಮ್ಮ ಸಂಸ್ಕೃತದ ‘ಮಹತ್’ ಶಬ್ದಕ್ಕೆ ಇದು ದಾಯಾದಿಯಾಗಬೇಕು. ಇತರರಿಗಿಂತ ಹೆಚ್ಚಿನವನು ‘ಮಗಿಸ್ಟರ್’. ಅವನ ಪದವಿ ‘ಮಗಿಸ್ಟ್ರಾಟುಸ್’. ಇದಕ್ಕೆ ಎದುರಾಗಿ ‘ಕಡಿಮೆ’ ಎಂಬ ಅರ್ಥದ ‘ಮಿನುಸ್’ ಎಂಬುದರಿಂದ ಹುಟ್ಟಿದ್ದು ‘ಮಿನಿಸ್ಟರ್’, ಎಂದರೆ ಸೇವಕ. ಶಬ್ದಶಾಸ್ತ್ರದ ಪ್ರಕಾರ ಮ್ಯಾಜಿಸ್ಟ್ರೇಟರು ಮೇಲೆ, ಮಂತ್ರಿಗಳು ಕೆಳಗೆ. ಲೋಕವ್ಯವಹಾರವು ಇದನ್ನು ತಲೆಕೆಳಗು ಮಾಡಿದೆಯೆಂಬುದನ್ನು ಯಾವ ಮ್ಯಾಜಿಸ್ಟ್ರೇಟರನ್ನು ಕೇಳಿದರೂ ಹೇಳಿಯಾರು.

ರೋಮನ್ನರು ತಮ್ಮ ಅರಸರನ್ನು ಕ್ರಿ. ಪೂ. ೫೦೯ರಲ್ಲಿ ಓಡಿಸಿದರೆಂದು ಐತಿಹ್ಯ. ಅರಸನನ್ನು ಓಡಿಸಿದರೇ ಹೊರತು ಅರಸನ ಅಧಿಕಾರವನ್ನು ಅವರು ಓಡಿಸಲಿಲ್ಲ. ಅಪ್ಪಣೆ ಮಾಡುವ, ಸೇನೆಯನ್ನು ನಡೆಯಿಸುವ, ದಂಡಿಸುವ ಆ ಸಮಗ್ರ ಶಕ್ತಿಯನ್ನು ಹಾಗೆಯೇ ಉಳಿಸಿಕೊಂಡು ಕಾನ್ಸಲ್ ಎಂಬ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿದರು. ಕಾನ್ಸಲನು ಬೀದಿಯಲ್ಲಿ ನಡೆದರೆ ಮುಂದೆ ಹನ್ನೆರಡು ಮಂದಿ ಲಿಕ್ಟರರೆಂಬ ಚಾರಕರು ಹೋಗುವರು. ಅವರ ಹೆಗಲ ಮೇಲೆ ಕೋಲುಗಳ ಕಟ್ಟು. ಕಟ್ಟಿನ ನಡುವೆ ಒಂದು ಕೊಡಲಿ. ಕೋಲು ಹೊಡೆಯುವುದಕ್ಕೆ, ಕೊಡಲಿ ತಲೆ ತೆಗೆಯುವುದಕ್ಕೆ. ನಮ್ಮವರು ರಾಜನೀತಿಯನ್ನೇ ‘ದಂಡನೀತಿ’ ಎಂದು ಕರೆದುದು ನೆನಪಾಗುತ್ತದೆ. ಎರಡು ಕಡೆಗಳಲ್ಲಿಯೂ ಅಧಿಕಾರದ ಗುರುತು ಕೋಲೇ.

ಆದರೆ ರೋಮನ್ನರು ಆ ಕೋಲನ್ನು ಹಿಡಿದ ಕೈಗೆ ಅನೇಕ ಕಟ್ಟುಗಳನ್ನು ಹಾಕಿದರು. ಕಾನ್ಸಲರು ಒಬ್ಬನಲ್ಲ, ಇಬ್ಬರು. ಒಬ್ಬನು ಕೊಟ್ಟ ಅಪ್ಪಣೆಯನ್ನು ಇನ್ನೊಬ್ಬನು ‘ಕೂಡದು’ ಎಂದು ನಿಲ್ಲಿಸಬಲ್ಲನು. ಅವರ ಅವಧಿ ಒಂದೇ ವರ್ಷ. ನಗರದ ಎಲ್ಲೆಯೊಳಕ್ಕೆ ಬಂದ ಕೂಡಲೆ ಕಟ್ಟಿನಿಂದ ಕೊಡಲಿಯನ್ನು ತೆಗೆಯಬೇಕು. ಏಕೆಂದರೆ ನಗರದಲ್ಲಿ ಪೌರನ ತಲೆಯನ್ನು ತೆಗೆಯುವ ಅಧಿಕಾರವು ಜನಸಭೆಯದು, ಕಾನ್ಸಲನದಲ್ಲ. ಮರಣದಂಡನೆಗೆ ಗುರಿಯಾದ ಪೌರನು ಜನರ ಮುಂದೆ ಮೊರೆಯಿಡಬಹುದಾಗಿತ್ತು. ಕ್ರಿ. ಪೂ. ೪೯೪ರಲ್ಲಿ ಸಾಮಾನ್ಯ ಜನರು ಊರನ್ನೇ ತೊರೆದು ಹೊರಟುಹೋದಾಗ ಅವರನ್ನು ಸಮಾಧಾನಪಡಿಸಿ ಕರೆತರುವುದಕ್ಕಾಗಿ ಟ್ರಿಬ್ಯೂನರೆಂಬ ಬೇರೊಂದು ತರಹದ ಅಧಿಕಾರಿಗಳನ್ನು ನೇಮಿಸಲಾಯಿತೆಂದು ಹೇಳುತ್ತಾರೆ. ಇವರಿಗೆ ಸೇನೆಯಿಲ್ಲ, ಲಿಕ್ಟರರಿಲ್ಲ. ಇದ್ದುದು ಅಡ್ಡಬರುವ ಹಕ್ಕು ಮಾತ್ರ. ಪೌರನೊಬ್ಬನನ್ನು ಎಳೆದೊಯ್ಯುತ್ತಿರುವಾಗ ಟ್ರಿಬ್ಯೂನನು ನಡುವೆ ಬಂದು ನಿಂತರೆ ಕಾನ್ಸಲನ ಕೈಯೂ ತಡೆಯಬೇಕು. ಅವನ ಮೈಮುಟ್ಟುವುದು ದೇವದ್ರೋಹವೆನಿಸಿತ್ತು.

ಇದಕ್ಕಿಂತಲೂ ಸೂಕ್ಷ್ಮವಾದ ಕಟ್ಟೊಂದು ಪ್ರೀಟರನೆಂಬ ಮ್ಯಾಜಿಸ್ಟ್ರೇಟನ ಕಾರ್ಯಕ್ರಮದಲ್ಲಿ ಕಾಣುತ್ತದೆ. ಈ ಪದವಿ ಕ್ರಿ. ಪೂ. ೩೬೭ರ ಶಾಸನಗಳಿಂದ ಏರ್ಪಟ್ಟಿತು. ಪೌರರ ವ್ಯಾಜ್ಯಗಳನ್ನು ಕೇಳುವುದು ಅದರ ಮುಖ್ಯ ಕೆಲಸ. ಮುಂದಿನ ಶತಮಾನಗಳಲ್ಲಿ ರೂಢಿಗೆ ಬಂದ ಪದ್ಧತಿಯ ಪ್ರಕಾರ ಪ್ರೀಟರನು ವ್ಯಾಜ್ಯವನ್ನು ಕೇಳಿ ತೀರ್ಪನ್ನು ಕೊಡುತ್ತಿರಲಿಲ್ಲ. ವಾದಿ ಪ್ರತಿವಾದಿಗಳ ಮಾತನ್ನು ಆಲಿಸಿ, ಇವರ ನಡುವೆ ಇತ್ಯರ್ಥವಾಗಬೇಕಾದ ಪ್ರಶ್ನೆ ಇಂಥದು ಎಂದು ಒಂದು ಸೂತ್ರವಾಕ್ಯವನ್ನು ರಚಿಸಿ ಕೊಡುತ್ತಿದ್ದನು. ಸಾಲ ಇರುವುದು ಸಿದ್ಧವಾದರೆ ಇಷ್ಟನ್ನು ಕೊಡಿಸತಕ್ಕದ್ದು, ಸಿದ್ಧವಾಗದಿದ್ದರೆ ಬಿಟ್ಟುಬಿಡತಕ್ಕದ್ದು ಎಂಬ ಮಾದರಿ ಅದು. ಸಾಲ ಉಂಟೋ ಇಲ್ಲವೋ ಎಂಬುದನ್ನು ನೋಡಿ ತೀರ್ಮಾನಿಸುತ್ತಿದ್ದವನು ಸರ್ಕಾರದ ನೌಕರನಲ್ಲದ ಒಬ್ಬ ಸಾಮಾನ್ಯ ಗೃಹಸ್ಥ. ಅಧಿಕಾರವುಳ್ಳವನಿಗೆ ತೀರ್ಪಿಲ್ಲ, ತೀರ್ಪು ಕೊಡುವವನಿಗೆ ಅಧಿಕಾರವಿಲ್ಲ! ನಮ್ಮ ಕಾಲದವರು ಬಹಳ ಯೋಚಿಸಿ ಕಂಡುಹಿಡಿದೆವೆಂದುಕೊಳ್ಳುವ ವಿಭಾಗವನ್ನು ರೋಮನ್ನರು ಸಿದ್ಧಾಂತದ ಸದ್ದಿಲ್ಲದೆ ಆಚರಣೆಯಿಂದಲೇ ಸಾಧಿಸಿದ್ದರು. ಪ್ರೀಟರನು ವರ್ಷಾರಂಭದಲ್ಲಿ ತಾನು ಯಾವ ಯಾವ ವ್ಯಾಜ್ಯಗಳನ್ನು ಅಂಗೀಕರಿಸುವೆನೆಂಬುದನ್ನು ಬಿಳಿಯ ಹಲಗೆಯ ಮೇಲೆ ಬರೆಯಿಸಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದನು. ಬರೆಯಿಸಿದ ಮೇಲೆ ಕೆಲವರು ಅದನ್ನು ಮೀರಿ ನಡೆದಿರಬೇಕು, ಕ್ರಿ. ಪೂ. ೬೭ರಲ್ಲಿ ಪ್ರೀಟರರು ತಮ್ಮ ಪ್ರಕಟಣೆಯಂತೆಯೇ ನಡೆಯತಕ್ಕದ್ದೆಂದು ಕಾಯಿದೆ ಮಾಡಬೇಕಾಯಿತು.

ಇಷ್ಟೆಲ್ಲ ಕಟ್ಟುಗಳೂ ನಗರದ ಎಲ್ಲೆಯವರೆಗೆ ಮಾತ್ರ ಬಿಗಿಯಾಗಿದ್ದುವೆಂಬುದನ್ನು ಮರೆಯಲಾಗದು. ರೋಮ್ ಸಮುದ್ರದಾಚೆಯ ದೇಶಗಳನ್ನು ಗೆದ್ದು ಪ್ರಾಂತ್ಯಗಳನ್ನಾಗಿ ಮಾಡಿಕೊಂಡಿತಷ್ಟೆ. ಅಲ್ಲಿಗೆ ಹೋದ ಅಧಿಪತಿಗೆ ಅಡ್ಡಬರಲು ಸರಿಸಮಾನನಾದ ಜೊತೆಗಾರನಿಲ್ಲ, ಟ್ರಿಬ್ಯೂನನಿಲ್ಲ. ಸೇನೆಯೂ, ಕಂದಾಯದ ಮೇಲ್ವಿಚಾರಣೆಯೂ, ನ್ಯಾಯಪೀಠವೂ ಅವನೊಬ್ಬನವೇ. ಕ್ರಿ. ಪೂ. ೭೩ರಿಂದ ೭೧ರವರೆಗೆ ಸಿಸಿಲಿ ದ್ವೀಪವನ್ನು ಆಳಿದ ವೆರೀಸನ ವೃತ್ತಾಂತವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಕ್ರಿ. ಪೂ. ೭೦ರಲ್ಲಿ ಸಿಸೆರೋ ಅವನ ಮೇಲೆ ಮೊಕದ್ದಮೆಯನ್ನು ನಡೆಯಿಸಿದನು. ಗೇವಿಯಸ್ ಎಂಬ ರೋಮನ್ ಪೌರನನ್ನು ವೆರೀಸನು ಗೂಢಚಾರನೆಂದು ಹೇಳಿ ಮೆಸ್ಸಾನಾ ಪಟ್ಟಣದ ನಡುಬೀದಿಯಲ್ಲಿ ಹೊಡೆಯಿಸಿದನಂತೆ; ಏಟು ಬೀಳುತ್ತಿದ್ದಾಗ ಅವನು ತಾನು ರೋಮಿನ ಪೌರನೆಂಬ ಒಂದೇ ಮಾತನ್ನು ಕೂಗುತ್ತಿದ್ದನಂತೆ. ಬಳಿಕ ಅವನನ್ನು ಶಿಲುಬೆಗೇರಿಸಿದರು. ಶಿಲುಬೆಯನ್ನು ನೆಡಿಸಿದುದು ಜಲಸಂಧಿಯ ಕಡೆಗೆ, ಸಾಯುವವನಿಗೆ ಆಚೆಯ ದಡದ ಇಟಲಿ ಕಾಣುವಂತೆ. ಇದು ಎದುರುಪಕ್ಷದ ವಕೀಲನು ಬರೆದ ವರ್ಣನೆ. ಅದರಲ್ಲಿ ಅತಿಶಯೋಕ್ತಿ ಸೇರಿರಬಹುದು. ಆದರೂ ಆ ಕಿರಿದಾದ ಜಲಸಂಧಿಯು ನಮ್ಮ ಮನಸ್ಸಿನಲ್ಲಿ ನಿಲ್ಲುತ್ತದೆ. ಆಚೆ ದಡದಲ್ಲಿ ಮೊರೆಯಿಡುವ ಹಕ್ಕುಂಟು, ಈಚೆ ದಡದಲ್ಲಿ ಇಲ್ಲ. ಗೇವಿಯಸನಿಗೆ ಕೂಗಿಕೊಳ್ಳಲು ಪೌರತ್ವವೆಂಬುದಾದರೂ ಇತ್ತು. ಪೌರರಲ್ಲದ ಸಿಸಿಲಿಯವರಿಗೆ ಆ ಕೂಗೂ ಇರಲಿಲ್ಲ.

ಮೊದಲನೆಯ ವಿಚಾರಣೆಯಲ್ಲಿಯೇ ಸೋಲನ್ನು ಕಂಡು ವೆರೀಸನು ಮಸ್ಸಿಲಿಯಾ ಪಟ್ಟಣಕ್ಕೆ ಹೊರಟುಹೋದನು. ಸಿಸೆರೋವಿಗೆ ಕೀರ್ತಿ ಬಂದಿತು. ಅದೇ ಸಿಸೆರೋ ಕ್ರಿ. ಪೂ. ೬೩ರಲ್ಲಿ ತಾನೇ ಕಾನ್ಸಲನಾಗಿದ್ದಾಗ, ಕ್ಯಾಟಿಲಿನನ ಒಳಸಂಚಿನಲ್ಲಿ ಸೇರಿದ್ದ ಐವರು ಪೌರರನ್ನು ಕ್ರಮವಾದ ವಿಚಾರಣೆಯಿಲ್ಲದೆ ಸೆರೆಮನೆಯಲ್ಲಿ ಕೊಲ್ಲಿಸಿದನೆಂಬುದು ಚರಿತ್ರೆಯ ಒಂದು ಕಹಿಯಾದ ಪರಿಹಾಸ. ರಾಜ್ಯಕ್ಕೆ ಆಪತ್ತು ಒದಗಿತ್ತು, ಸೆನೆಟ್ ಸಭೆ ಒಪ್ಪಿತ್ತು, ಎಂಬುದು ಅವನ ಸಮಾಧಾನ. ಐದು ವರ್ಷಗಳ ತರುವಾಯ, ವಿಚಾರಣೆಯಿಲ್ಲದೆ ಪೌರನನ್ನು ಕೊಂದವನಿಗೆ ಬಹಿಷ್ಕಾರವೆಂಬ ಶಾಸನವನ್ನು ಒಬ್ಬ ಟ್ರಿಬ್ಯೂನನು ತಂದಾಗ ಸಿಸೆರೋ ಊರುಬಿಟ್ಟು ಹೋಗಬೇಕಾಯಿತು. ಆ ಟ್ರಿಬ್ಯೂನನ ಉದ್ದೇಶ ಹಗೆತನವೇ ಇರಬಹುದು. ಅವನು ಹಿಡಿದ ನಿಯಮವು ಮಾತ್ರ ಹಳೆಯದು, ಸರಿಯಾದುದು ಎಂದೇ ನಮ್ಮ ಅಭಿಪ್ರಾಯ.

ಕಟ್ಟುವ ಹಗ್ಗವು ಜನರ ಕೈಯಲ್ಲಿಲ್ಲದೆ ದೊರೆಯ ಕೈಯಲ್ಲಿರುವ ಪದ್ಧತಿಗಳೂ ಉಂಟು. ಅವುಗಳಲ್ಲಿ ಒಂದರ ಪರಿಚಯವನ್ನು ಲೋಕಕ್ಕೆ ಮಾಡಿಕೊಟ್ಟ ಊರು ನಮ್ಮ ಮೈಸೂರೇ. ಇಲ್ಲಿಯ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದರು. ಆ ಗ್ರಂಥದಲ್ಲಿ ಎರಡು ಬಗೆಯ ನ್ಯಾಯಾಧಿಕಾರಿಗಳಿದ್ದಾರೆ. ಮದುವೆ, ದಾಯಭಾಗ, ಸಾಲ, ಗಡಿ ಮುಂತಾದ ವ್ಯವಹಾರಗಳನ್ನು ಕೇಳುವವರು ಧರ್ಮಸ್ಥರು. ಕಳ್ಳರು, ಮೋಸಗಾರರು, ಅನುಮಾನಾಸ್ಪದವಾದ ಸಾವು ಇವುಗಳನ್ನು ಶೋಧಿಸುವವರು ಪ್ರದೇಷ್ಟೃಗಳು. ಈ ಎರಡನೆಯ ಕೆಲಸಕ್ಕೆ ಕೌಟಿಲ್ಯನು ಕೊಟ್ಟ ಹೆಸರು ಕಂಟಕಶೋಧನ, ಎಂದರೆ ಮುಳ್ಳು ತೆಗೆಯುವುದು. ಮುಳ್ಳು ತೆಗೆಯುವವನೇ ಮುಳ್ಳಾದರೆ ಏನು ಗತಿ? ಕೌಟಿಲ್ಯನು ಇದನ್ನೂ ಮರೆತಿಲ್ಲ. ವಾದಿಯನ್ನು ಗದರಿಸುವ, ಹೊರಕ್ಕೆ ದಬ್ಬುವ, ಕೇಳಬೇಕಾದುದನ್ನು ಕೇಳದ, ಕೇಳಬಾರದುದನ್ನು ಕೇಳುವ, ಸಾಕ್ಷಿಗೆ ಹೇಳಿಕೊಡುವ ಧರ್ಮಸ್ಥನಿಗೆ ಇಷ್ಟಿಷ್ಟು ದಂಡವೆಂದು ಅವನು ಪಟ್ಟಿಮಾಡಿದ್ದಾನೆ. ಹೇಳಿದುದನ್ನು ಬರೆಯದ ಗುಮಾಸ್ತನನ್ನೂ ಬಿಟ್ಟಿಲ್ಲ. ಅನ್ಯಾಯವಾಗಿ ಹಣದ ದಂಡ ಹಾಕಿದವನು ಅದರ ಇಮ್ಮಡಿಯನ್ನು ತಾನೇ ತೆರಬೇಕು. ಅನ್ಯಾಯವಾಗಿ ದೇಹದಂಡನೆ ವಿಧಿಸಿದವನು ಅದೇ ದಂಡನೆಗೆ ಗುರಿಯಾಗಬೇಕು, ಇಲ್ಲವೆ ಅದಕ್ಕೆ ನಿಷ್ಕ್ರಯವಾದ ಹಣದ ಎರಡರಷ್ಟನ್ನು ಕೊಡಬೇಕು. ಈ ಅಧ್ಯಾಯವನ್ನು ಓದುವಾಗ ಗ್ರಂಥಕರ್ತನು ಕಚೇರಿಗಳನ್ನು ಹೊರಗಿನಿಂದಲ್ಲ, ಒಳಗಿನಿಂದಲೇ ಬಲ್ಲವನೆಂದು ತೋರುತ್ತದೆ. ಆದರೆ ಹಗ್ಗದ ತುದಿ ಇಲ್ಲಿ ಅರಸನ ಬೆರಳಿನಲ್ಲಿದೆ. ಅರಸನು ಸಡಿಲಬಿಟ್ಟರೆ ಪ್ರಜೆಗೆ ಬೇರೆ ದಾರಿಯಿಲ್ಲ.

ಚೀನಾ ದೇಶದ ಚಕ್ರವರ್ತಿಗಳು ಇದೇ ದಾರಿಯಲ್ಲಿ ಬಹು ದೂರ ನಡೆದರು. ಅಲ್ಲಿ ಒಂದೊಂದು ಸೀಮೆಗೆ ಒಬ್ಬೊಬ್ಬ ಮ್ಯಾಜಿಸ್ಟ್ರೇಟ್. ತೆರಿಗೆ, ಪೊಲೀಸು, ನ್ಯಾಯ, ಕ್ಷಾಮನಿವಾರಣೆ ಎಲ್ಲವೂ ಅವನದೇ. ಜನರು ಅವನನ್ನು ‘ತಾಯಿತಂದೆಯಾದ ಅಧಿಕಾರಿ’ ಎಂದು ಕರೆಯುತ್ತಿದ್ದರು. ಈ ತಾಯಿತಂದೆಯು ಕಠಿನವಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಬಂದವನು; ಸ್ವಂತ ಪ್ರಾಂತ್ಯದಲ್ಲಿ ಅವನಿಗೆ ಕೆಲಸ ಕೊಡುವಂತಿಲ್ಲ; ಒಂದು ಸೀಮೆಯಲ್ಲಿ ಬಹುಕಾಲ ಬಿಡುವಂತಿಲ್ಲ. ಸಣ್ಣ ಶಿಕ್ಷೆಗಳನ್ನು ಬಿಟ್ಟು ಉಳಿದವುಗಳೆಲ್ಲವೂ ಮೇಲಿನ ಕಚೇರಿಗಳಿಗೆ ಹೋಗಿ ಪರಿಶೀಲನೆಯಾಗಬೇಕು; ಮರಣದಂಡನೆಯ ಕಾಗದ ಚಕ್ರವರ್ತಿಯವರೆಗೂ ಹೋಗಬೇಕು. ಮೇಲಿನವರ ಕಣ್ಣು ಇಷ್ಟು ಎಚ್ಚರವಾಗಿದ್ದರೂ, ಅಪರಾಧಿಯ ಬಾಯಿಂದ ತಪ್ಪೊಪ್ಪಿಗೆ ಬರಲೇಬೇಕೆಂಬ ನಿಯಮವಿದ್ದುದರಿಂದ ಚಿತ್ರಹಿಂಸೆಯು ಕಚೇರಿಯ ನಿತ್ಯಸಾಮಗ್ರಿಯಾಗಿ ಉಳಿಯಿತು.

ಇನ್ನು ಇಂಗ್ಲೆಂಡಿನ ಕಡೆಗೆ ತಿರುಗೋಣ. ನಮಗೆ ಈ ಹೆಸರು ಬಂದುದೇ ಅಲ್ಲಿಂದ. ೧೩೬೧ರ ಶಾಸನವೊಂದು ಪ್ರತಿ ಕೌಂಟಿಯಲ್ಲಿಯೂ ಒಬ್ಬ ಪ್ರಭುವನ್ನೂ ಅವನ ಸಂಗಡ ಕೌಂಟಿಯಲ್ಲಿ ಮಾನವಂತರಾದ ಮೂವರು ನಾಲ್ವರನ್ನೂ ಶಾಂತಿಪಾಲನೆಗಾಗಿ ನೇಮಿಸತಕ್ಕದ್ದೆಂದು ವಿಧಿಸಿತು. ಇವರೇ ‘ಜಸ್ಟಿಸ್ ಆಫ್ ದಿ ಪೀಸ್’ ಎಂಬ ಮ್ಯಾಜಿಸ್ಟ್ರೇಟರು. ಇವರಿಗೆ ನ್ಯಾಯಶಾಸ್ತ್ರದ ಶಿಕ್ಷಣವಿರಲಿಲ್ಲ, ಸರ್ಕಾರದ ಸಂಬಳವಿರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಸಭೆ ಸೇರಿ, ಜೂರಿಯೊಡನೆ ಕುಳಿತು, ಅಪರಾಧಗಳನ್ನು ವಿಚಾರಿಸುತ್ತಿದ್ದರು. ಅದೇ ಸಭೆಯಲ್ಲಿ ಸೇತುವೆಗಳ ದುರಸ್ತಿ, ಹೆಂಡದಂಗಡಿಯ ಲೈಸೆನ್ಸು, ಬಡವರ ಪೋಷಣೆ ಮೊದಲಾದುವೂ ತೀರ್ಮಾನವಾಗುತ್ತಿದ್ದುವು. ಹದಿನಾರನೆಯ ಶತಮಾನದಿಂದೀಚೆಗೆ ಪಾರ್ಲಿಮೆಂಟು ಯಾವ ಹೊಸ ಕಾಯಿದೆ ಮಾಡಿದರೂ ಅದರ ಹೊರೆಯನ್ನು ಇವರ ತಲೆಯ ಮೇಲೆಯೇ ಹೊರಿಸಿತು. ಆದಕಾರಣ, ಆಡಳಿತವನ್ನೂ ನ್ಯಾಯವನ್ನೂ ಒಂದೇ ಕೈಗೆ ಕೊಡುವ ಪದ್ಧತಿಯು ಇಂಗ್ಲಿಷರು ಕೇವಲ ನಮ್ಮ ದೇಶಕ್ಕಾಗಿ ಕಲ್ಪಿಸಿದುದೆಂದು ಹೇಳುವುದು ನ್ಯಾಯವಾಗಲಾರದು. ಭೇದವಿದ್ದುದು ಬೇರೆ ಕಡೆಯಲ್ಲಿ. ಅಲ್ಲಿಯ ಮ್ಯಾಜಿಸ್ಟ್ರೇಟನು ಆ ನೆಲದವನೇ. ಮುಂದಿನ ಮಳೆಗಾಲದಲ್ಲಿಯೂ ಅವನು ಅದೇ ನೆರೆಹೊರೆಯವರ ನಡುವೆ ಬಾಳಬೇಕು. ಸರ್ಕಾರದ ಅನ್ನ ತಿನ್ನದವನಾದುದರಿಂದ ಸರ್ಕಾರಕ್ಕೆ ಹೆದರಬೇಕಾಗಿರಲಿಲ್ಲ.

ಹಾಗೆಂದು ಅವನನ್ನು ಹೊಗಳುತ್ತ ಕೂಡಲಾಗದು. ಅವನು ಜಮೀನುದಾರ. ೧೬೭೧ರ ಬೇಟೆಯ ಕಾಯಿದೆಯಂತೆ ವರ್ಷಕ್ಕೆ ನೂರು ಪೌಂಡು ಹುಟ್ಟುವಳಿಯ ಸ್ವಂತ ಜಮೀನಿಲ್ಲದ ಸಾಮಾನ್ಯನು ಮೊಲವನ್ನು ಹಿಡಿದರೂ ತಪ್ಪು. ಹಸಿದ ಕೂಲಿಯವನು ಬಲೆಯಲ್ಲಿ ಹಿಡಿದ ಮೊಲವು ಯಾರ ಕಾಡಿನದೋ ಅವರ ನೆರೆಯವರೂ ಬಂಧುಗಳೂ ಅವನನ್ನು ವಿಚಾರಿಸುವ ಮ್ಯಾಜಿಸ್ಟ್ರೇಟರು. ಲಂಡನ್ ಪಟ್ಟಣದಲ್ಲಿಯಾದರೋ ಇನ್ನೊಂದು ಹೀನಾಯ. ಸಂಬಳವಿಲ್ಲದ ಕೆಲಸಕ್ಕೆ ಅಲ್ಲಿ ಮಾನವಂತರು ಬರಲೊಲ್ಲರು. ಬಂದವರು ಫೀಜಿನ ಆಸೆಗಾಗಿ ಜಗಳಗಳನ್ನು ಬೆಳೆಸಿ ಜೀವಿಸುವವರು. ಕಾದಂಬರಿಕಾರನಾದ ಹೆನ್ರಿ ಫೀಲ್ಡಿಂಗ್ ೧೭೪೮ರ ಸುಮಾರಿನಲ್ಲಿ ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟನಾದಾಗ ಆ ಸ್ಥಾನದ ವರಮಾನ ವರ್ಷಕ್ಕೆ ಐನೂರು ಪೌಂಡಿನಷ್ಟಿತ್ತಂತೆ. ಅವನು ಹಮಾಲರ, ಭಿಕ್ಷುಕರ ಜಗಳಗಳನ್ನು ಉರಿಸದೆ ರಾಜಿಮಾಡಿಸಿ, ಬಡವನ ಕೈಯ ಕೊನೆಯ ಕಾಸನ್ನು ಕೀಳದೆ, ಅದನ್ನು ಮುನ್ನೂರಕ್ಕೆ ಸ್ವಲ್ಪ ಮೇಲೆ ನಿಲ್ಲುವಂತೆ ಇಳಿಸಿದನು. ತನ್ನ ವರಮಾನ ಕಡಿಮೆಯಾದುದನ್ನು ಹೆಮ್ಮೆಯಿಂದ ಹೇಳಿಕೊಂಡ ಅಧಿಕಾರಿಗಳು ಚರಿತ್ರೆಯಲ್ಲಿ ಬಹಳ ಮಂದಿ ಸಿಕ್ಕುವುದಿಲ್ಲ.

ಗ್ರಾಮದ ಶ್ರೀಮಂತರಿಂದ ಮಾಡಿದ ಈ ಏರ್ಪಾಡು ಯಂತ್ರಗಳ ಕಾಲದ ದೊಡ್ಡ ಊರುಗಳಿಗೆ ತಾಳಲಿಲ್ಲ. ೧೮೧೯ನೆಯ ಇಸವಿ ಆಗಸ್ಟ್ ೧೬ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಪಾರ್ಲಿಮೆಂಟಿನ ಸುಧಾರಣೆಯನ್ನು ಕೇಳುವುದಕ್ಕಾಗಿ ಸುಮಾರು ಅರುವತ್ತು ಸಾವಿರ ಜನರು, ಹೆಂಗಸರು ಮಕ್ಕಳು ಸಹಿತ, ಸೇರಿದ್ದರು. ಮೈದಾನದ ಬದಿಯ ಮನೆಯೊಂದರ ಕಿಟಕಿಯಿಂದ ನೋಡುತ್ತಿದ್ದ ಮ್ಯಾಜಿಸ್ಟ್ರೇಟರು ಭಾಷಣಕಾರರನ್ನು ಹಿಡಿಯಲು ಅಪ್ಪಣೆಯಿತ್ತು, ಕುದುರೆಯ ಸವಾರರನ್ನು ಜನಸಂದಣಿಯೊಳಕ್ಕೆ ಬಿಟ್ಟರು. ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರು. ನೂರಾರು ಮಂದಿ ಗಾಯಗೊಂಡರು. ಸೆರೆಗೆ ಹೋದವನು ಭಾಷಣಕ್ಕೆ ಬಂದಿದ್ದ ಹೆನ್ರಿ ಹಂಟ್. ಮ್ಯಾಜಿಸ್ಟ್ರೇಟರಿಗೆ ಬಂದುದು ರಾಜಪ್ರತಿನಿಧಿಯ ಕೃತಜ್ಞತೆ. ಇದಾದ ಮೇಲೆ ಆ ದೇಶವು ಮ್ಯಾಜಿಸ್ಟ್ರೇಟರ ಕೈಯಿಂದ ಒಂದೊಂದನ್ನೇ ಬಿಡಿಸಿಕೊಳ್ಳುತ್ತ ಬಂದಿತು. ೧೮೨೯ರಲ್ಲಿ ಲಂಡನಿನಲ್ಲಿ ಪ್ರತ್ಯೇಕವಾದ ಪೊಲೀಸು ಪಡೆ ಹುಟ್ಟಿತು. ೧೮೮೮ರ ಶಾಸನದಿಂದ ರಸ್ತೆ ಸೇತುವೆಗಳ ಆಡಳಿತವು ಜನರು ಆರಿಸಿದ ಕೌಂಟಿ ಸಭೆಗಳಿಗೆ ಹೋಯಿತು. ೧೯೧೯ರಿಂದ ಸ್ತ್ರೀಯರೂ ಆ ಪೀಠಕ್ಕೆ ಅರ್ಹರಾದರು. ಉಳಿದುದು ಶುದ್ಧವಾದ ನ್ಯಾಯದ ಕೆಲಸ. ಇಂದಿಗೂ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಪರಾಧದ ಮೊಕದ್ದಮೆಗಳು ಮ್ಯಾಜಿಸ್ಟ್ರೇಟರ ಕೋರ್ಟುಗಳಲ್ಲಿಯೇ ಮುಗಿಯುತ್ತವೆ. ಆ ಪೀಠಗಳಲ್ಲಿ ಬಹುಮಂದಿ ಈಗಲೂ ಸಂಬಳವಿಲ್ಲದ ಗೃಹಸ್ಥರೇ.

ಫ್ರಾನ್ಸಿನಲ್ಲಿ ಇದೇ ಪದವು ಇನ್ನೊಂದು ಅರ್ಥವನ್ನು ತಾಳಿದೆ. ಅಲ್ಲಿ ಪೀಠದಲ್ಲಿ ಕೂಡುವ ನ್ಯಾಯಾಧೀಶರೂ ಸರ್ಕಾರದ ಪರವಾಗಿ ನಿಂತು ವಾದಿಸುವವರೂ ಇಬ್ಬರೂ ಮ್ಯಾಜಿಸ್ಟ್ರೇಟರೇ. ಕುಳಿತವರು, ನಿಂತವರು ಎಂದು ಭೇದ. ೧೮೦೮ರ ನೆಪೋಲಿಯನನ ಸಂಹಿತೆಯು ತನಿಖೆಯ ನ್ಯಾಯಾಧೀಶನೆಂಬುವನಿಗೆ ಅಪರಾಧದ ಶೋಧನೆಯನ್ನೇ ಒಪ್ಪಿಸಿತು. ಶೋಧಿಸುವವನೇ ಆರೋಪಿಯನ್ನು ಸೆರೆಯಲ್ಲಿಡಬೇಕೆ ಬೇಡವೆ ಎಂಬುದನ್ನೂ ನಿರ್ಣಯಿಸುವುದು ತಪ್ಪೆಂದು ಬಹುಕಾಲ ಚರ್ಚೆ ನಡೆದು, ೨೦೦೦ದ ಶಾಸನದಿಂದ ಆ ನಿರ್ಣಯವನ್ನು ಬೇರೊಬ್ಬ ನ್ಯಾಯಾಧೀಶನಿಗೆ ಕೊಟ್ಟರು.

ಈಗ ನಮ್ಮ ಮನೆಯ ಮಾತು. ಬಂಗಾಳದಲ್ಲಿ ಕಾರ್ನ್‌ವಾಲಿಸನು ೧೭೯೩ರಲ್ಲಿ ಕಲೆಕ್ಟರರಿಗೆ ಕಂದಾಯವನ್ನು ಮಾತ್ರ ಬಿಟ್ಟು, ನ್ಯಾಯವನ್ನು ಜಿಲ್ಲಾ ಜಡ್ಜಿಗಳಿಗೆ ಕೊಟ್ಟನು. ಕಂದಾಯ ವಸೂಲುಮಾಡುವವನ ಮೇಲಣ ದೂರನ್ನು ಅವನೇ ಕೇಳಬಾರದೆಂಬುದು ಅವನ ಕಾರಣ. ಆದರೆ ಮ್ಯಾಜಿಸ್ಟ್ರೇಟನ ಅಧಿಕಾರವೂ ಪೊಲೀಸೂ ಆ ಜಡ್ಜಿಗೇ ಸೇರಿದುವು. ಆದುದರಿಂದ ವಿಭಾಗವು ಅರೆಯಾಗಿಯೇ ನಿಂತಿತು. ಮದರಾಸಿನಲ್ಲಿ ಇದನ್ನು ತಿರುಗಿಸಿದವನು ಟಾಮಸ್ ಮನ್ರೋ. ಅವನು ೧೭೯೯ರಲ್ಲಿ ಕನ್ನಡ ಜಿಲ್ಲೆಯಲ್ಲಿಯೂ, ೧೮೦೦ರಿಂದ ೧೮೦೭ರವರೆಗೆ ಬಳ್ಳಾರಿಯ ಸೀಮೆಯನ್ನೊಳಗೊಂಡ ದತ್ತ ಜಿಲ್ಲೆಗಳಲ್ಲಿಯೂ ಇದ್ದು, ಊರೂರಿನ ಚಾವಡಿಯಲ್ಲಿ ರೈತರೊಡನೆ ಕುಳಿತವನು. ದೂರದ ಕೋರ್ಟು, ತಿಳಿಯದ ಭಾಷೆ, ಮುಗಿಯದ ವಾಯಿದೆ, ಖರ್ಚು ಇವುಗಳಿಂದ ರೈತನು ನ್ಯಾಯವನ್ನು ಪಡೆಯುವುದಕ್ಕೆ ಬದಲಾಗಿ ಹಾಳಾಗುತ್ತಾನೆಂದು ಅವನು ಕಂಡಿದ್ದನು. ಅವನ ಶ್ರಮದಿಂದ ೧೮೧೬ರ ರೆಗ್ಯುಲೇಷನ್ನುಗಳು ಬಂದು, ಮ್ಯಾಜಿಸ್ಟ್ರೇಟಿಕೆಯೂ ಪೊಲೀಸೂ ಕಲೆಕ್ಟರನ ಕೈಸೇರಿದುವು. ಗ್ರಾಮದ ಮುನ್ಸೀಫರಿಗೂ ಪಂಚಾಯತಿಗಳಿಗೂ ಅಧಿಕಾರ ಬಂದಿತು. ಮನ್ರೋವಿನ ರೋಗನಿದಾನವನ್ನು ನಾವು ತಪ್ಪೆನ್ನಲಾರೆವು. ಕೋರ್ಟಿನ ವಾಯಿದೆಯ ಮಾತು ಇಂದಿಗೂ ನಿಜ. ಔಷಧದ ವಿಷಯದಲ್ಲಿ ಸಂದೇಹವುಂಟು. ಮನ್ರೋವಿನಂಥ ಕಲೆಕ್ಟರನಿರುವವರೆಗೆ ಅದು ಗುಣಕೊಟ್ಟೀತು. ಕಾಯಿದೆಯಾದರೋ ಮನ್ರೋ ಹೋದ ಮೇಲೆ ಬರುವವನಿಗೂ ಅನ್ವಯಿಸತಕ್ಕದ್ದು.

ಬರಬರುತ್ತ ಇದೇ ಪದ್ಧತಿಯು ದೇಶಕ್ಕೆಲ್ಲ ಹರಡಿತು. ಮೈಸೂರು ಸಂಸ್ಥಾನದಲ್ಲಿಯೂ ಡೆಪ್ಯುಟಿ ಕಮಿಷನರರು ಜಿಲ್ಲಾ ಮ್ಯಾಜಿಸ್ಟ್ರೇಟರಾಗಿದ್ದರು. ಅಮಲ್ದಾರರಿಗೆ ತಾಲ್ಲೂಕಿನಲ್ಲಿ ಮ್ಯಾಜಿಸ್ಟ್ರೇಟಿಕೆ ಇತ್ತು. ಬೆಳಗ್ಗೆ ಜಮಾಬಂದಿ, ಮಧ್ಯಾಹ್ನ ಕ್ರಿಮಿನಲ್ ಕೇಸು. ಕುರ್ಚಿಯೊಂದೇ, ಟೋಪಿ ಬೇರೆ. ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಂತೆ, ಬ್ರಿಟಿಷ್ ಇಂಡಿಯದಲ್ಲಿ ಎರಡನೆಯ ಮೂರನೆಯ ವರ್ಗದ ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದರೆ ಅಪೀಲು ಹೋಗತಕ್ಕದ್ದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ಜಿಲ್ಲೆಯ ಪೊಲೀಸರ ಮೇಲೆ ಹತೋಟಿಯುಳ್ಳವರೂ ಅವರೇ, ಆ ಕಿರಿಯ ಮ್ಯಾಜಿಸ್ಟ್ರೇಟರ ಬಡ್ತಿಗೆ ಶಿಫಾರಸು ಮಾಡುವವರೂ ಅವರೇ. ಪೊಲೀಸರು ತಂದ ಮೊಕದ್ದಮೆಯನ್ನು ಕಿರಿಯನು ವಜಾಮಾಡಿದರೆ ಹಿರಿಯರ ಹುಬ್ಬು ಗಂಟಿಕ್ಕೀತೆಂಬ ಭಯವು ಯಾವ ಕಾಯಿದೆಯಲ್ಲಿಯೂ ಬರೆದಿಲ್ಲ. ಆದರೂ ಅದು ಪ್ರತಿ ಕಚೇರಿಯಲ್ಲಿಯೂ ಇದ್ದಿತು. ೧೮೮೬ರಲ್ಲಿಯೇ ಕಾಂಗ್ರೆಸ್ ಮಹಾಸಭೆಯು ಈ ಎರಡು ಅಧಿಕಾರಗಳನ್ನು ಬೇರ್ಪಡಿಸಬೇಕೆಂದು ನಿರ್ಣಯ ಮಾಡಿತು. ೧೮೯೯ರಲ್ಲಿ ಇಂಡಿಯದ ಹೈಕೋರ್ಟುಗಳಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ರಿಚರ್ಡ್ ಗಾರ್ತ್, ರಿಚರ್ಡ್ ಕೌಚ್, ಚಾರ್ಲ್ಸ್ ಸಾರ್ಜೆಂಟ್ ಮೊದಲಾದವರೂ ಸೇರಿ ಅದೇ ಮಾತನ್ನು ಇಂಡಿಯಾ ಮಂತ್ರಿಗೆ ಅರ್ಜಿಯಾಗಿ ಬರೆದರು. ಖರ್ಚು ಹೆಚ್ಚುತ್ತದೆ, ಜಿಲ್ಲಾಧಿಕಾರಿಯ ಪ್ರತಿಷ್ಠೆ ತಗ್ಗುತ್ತದೆ ಎಂಬ ಆಕ್ಷೇಪಣೆಗಳಲ್ಲಿ ಆ ಅರ್ಜಿ ಮುಳುಗಿಹೋಯಿತು.

ಈ ಏರ್ಪಾಡಿನ ಸ್ವರೂಪವು ೧೯೧೭ರಲ್ಲಿ ಬಿಹಾರಿನ ಚಂಪಾರಣ್ಯದಲ್ಲಿ ಎಲ್ಲರಿಗೂ ಗೋಚರವಾಯಿತು. ನೀಲಿ ಬೆಳೆಯುವ ರೈತರ ಕಷ್ಟಗಳನ್ನು ವಿಚಾರಿಸಲು ಗಾಂಧಿಯವರು ಅಲ್ಲಿಗೆ ಹೋದಾಗ, ಜಿಲ್ಲೆಯನ್ನು ಬಿಟ್ಟು ಹೋಗತಕ್ಕದ್ದೆಂದು ಜಿಲ್ಲಾ ಮ್ಯಾಜಿಸ್ಟ್ರೇಟರು ೧೪೪ನೆಯ ಸೆಕ್ಷನ್ನಿನ ಪ್ರಕಾರ ಅಪ್ಪಣೆ ಹೊರಡಿಸಿದರು. ಗಾಂಧಿಯವರು ಹೋಗಲಿಲ್ಲ. ಏಪ್ರಿಲ್ ೧೮ರಂದು ಮೋತಿಹಾರಿಯಲ್ಲಿ ವಿಚಾರಣೆಯಾಯಿತು. ವಿಚಾರಿಸಿದವರು ಅದೇ ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಕೆಳಗಿನ ಸಬ್‌ಡಿವಿಜನಲ್ ಮ್ಯಾಜಿಸ್ಟ್ರೇಟರು. ಅಪ್ಪಣೆಯನ್ನು ಮೀರಿದುದುಂಟು, ಶಿಕ್ಷೆಯನ್ನು ಕೊಡಬಹುದು ಎಂದು ಆರೋಪಿಯೇ ಹೇಳಿಬಿಟ್ಟಾಗ ಆ ಮ್ಯಾಜಿಸ್ಟ್ರೇಟರಿಗೆ ಏನು ಮಾಡಬೇಕೆಂದು ತೋರದೆ ತೀರ್ಪನ್ನು ಮುಂದಕ್ಕೆ ಹಾಕಿದರು. ತೀರ್ಪಿನ ದಿನ ಬರುವ ಮೊದಲೇ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರರ ಅಪ್ಪಣೆಯಿಂದ ಮೊಕದ್ದಮೆಯು ಹಿಂದಕ್ಕೆ ಹೋಯಿತು. ಜನರು ಇದನ್ನು ಗೆಲವೆಂದು ಕೊಂಡಾಡಿದರು, ಗೆಲವೇ ಸರಿ. ಆದರೂ ಒಂದು ಮಾತನ್ನು ಗಮನಿಸಬೇಕು. ಗಾಂಧಿಯವರನ್ನು ಬಿಡುಗಡೆ ಮಾಡಿದುದು ಕೋರ್ಟಲ್ಲ, ಸರ್ಕಾರ. ಮೊಕದ್ದಮೆಯನ್ನು ಹೂಡಿದ ಕೈಯೇ ಅದನ್ನು ತೆಗೆಯಿತು. ಅಷ್ಟು ಪ್ರಸಿದ್ಧನಲ್ಲದ ಒಬ್ಬ ರೈತನು ಆ ಕಟಕಟೆಯಲ್ಲಿ ನಿಂತಿದ್ದರೆ ಯಾವ ಗವರ್ನರರೂ ಕೈಯೆತ್ತುತ್ತಿರಲಿಲ್ಲ.

ಇಲ್ಲಿ ನಮಗೆ ಮೆಸ್ಸಾನಾದ ಜಲಸಂಧಿ ಮತ್ತೆ ಕಾಣುತ್ತದೆ. ೧೮೮೮ರ ಹೊತ್ತಿಗೆ ಇಂಗ್ಲಿಷರು ತಮ್ಮ ಮನೆಯಲ್ಲಿ ಮ್ಯಾಜಿಸ್ಟ್ರೇಟನ ಕೈಯನ್ನು ಹಗುರ ಮಾಡುತ್ತಿದ್ದಾಗ, ಸಮುದ್ರದ ಈಚ ಕಡೆಯಲ್ಲಿ ಅದನ್ನು ಭಾರವಾಗಿಯೇ ಇಟ್ಟರು. ಅವರ ಬಳಿಕ ಬಂದ ನಮ್ಮವರೂ ಆ ಭಾರವನ್ನು ಇಳಿಸಲು ಬಹಳ ಅವಸರಪಡಲಿಲ್ಲ. ೧೯೫೦ರ ಸಂವಿಧಾನದ ೫೦ನೆಯ ಅನುಚ್ಛೇದವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ರಾಜ್ಯವು ಕ್ರಮ ಕೈಕೊಳ್ಳಬೇಕೆಂದು ನಿರ್ದೇಶಿಸಿತು. ಮುಂಬಯಿ ೧೯೫೧ರಲ್ಲಿಯೇ ಇದಕ್ಕೆ ಕಾಯಿದೆ ಮಾಡಿತು; ದೇಶಕ್ಕೆಲ್ಲ ಒಂದೇ ಬಗೆಯಾಗಿ ಅದು ಜಾರಿಗೆ ಬಂದುದು ೧೯೭೩ರ ಹೊಸ ಕೋಡಿನಿಂದ, ೧೯೭೪ನೆಯ ಇಸವಿ ಏಪ್ರಿಲ್ ೧ರಂದು. ಕಾಂಗ್ರೆಸ್ಸಿನ ಮೊದಲ ನಿರ್ಣಯದಿಂದ ಲೆಕ್ಕ ಹಾಕಿದರೆ ಎಂಬತ್ತೆಂಟು ವರ್ಷ. ಅಂದಿನಿಂದ ಹೈಕೋರ್ಟಿನ ಅಧೀನದಲ್ಲಿರುವ ಜುಡಿಷಿಯಲ್ ಮ್ಯಾಜಿಸ್ಟ್ರೇಟರು ಬೇರೆ. ಜಿಲ್ಲಾಧಿಕಾರಿಗಳು, ತಹಶೀಲ್ದಾರರು ಮೊದಲಾದ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರು ಬೇರೆ. ಹಿಡಿದು ತಂದವನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವು ಹೇಳುವುದರ ಬೆಲೆ ಈ ವಿಭಾಗವಾದ ಮೇಲೆಯೇ ಪೂರ್ತಿಯಾಗಿ ತಿಳಿಯತಕ್ಕದ್ದು; ಪೊಲೀಸರ ಮೇಲಧಿಕಾರಿಯ ಮುಂದೆಯೇ ಅವನನ್ನು ನಿಲ್ಲಿಸಿದರೆ ಪ್ರಯೋಜನವೇನು?

೨೦೨೪ನೆಯ ಇಸವಿ ಜುಲೈ ೧ರಿಂದ ಆ ಕೋಡಿನ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಬಂದಿದೆ. ಹಳೆಯ ೧೪೪ನೆಯ ಸೆಕ್ಷನ್ನು ಅದರಲ್ಲಿ ೧೬೩ನೆಯದಾಗಿದೆ; ವಿಭಾಗವು ಹಾಗೆಯೇ ಉಳಿದಿದೆ. ಈಗ ಮೋತಿಹಾರಿಯಂಥ ಪ್ರಸಂಗವು ಒದಗಿದರೆ ಜಿಲ್ಲಾಧಿಕಾರಿಗಳು ಅಪ್ಪಣೆ ಹೊರಡಿಸಬಹುದು. ಅದನ್ನು ಮೀರಿದವನ ವಿಚಾರಣೆಯು ಮಾತ್ರ ಅವರ ಕೈಕೆಳಗಿನವರಲ್ಲದ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಮುಂದೆ, ಲಿಖಿತವಾದ ದೂರಿನ ಮೇಲೆ, ನಡೆಯಬೇಕು. ಅಪ್ಪಣೆಯು ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲತಕ್ಕದ್ದಲ್ಲ. ಇಂಥ ಅಪ್ಪಣೆಗಳನ್ನು ಪ್ರಕಟಿಸಬೇಕೆಂದೂ, ನ್ಯಾಯವಾದ ಅಭಿಪ್ರಾಯವನ್ನು ಅಡಗಿಸುವುದಕ್ಕಾಗಿ ಅವನ್ನು ಬಳಸಕೂಡದೆಂದೂ ೨೦೨೦ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪ್ರೀಟರನ ಬಿಳಿಯ ಹಲಗೆ ಇಲ್ಲಿ ಬೇರೊಂದು ರೂಪದಲ್ಲಿ ಬಂದಿದೆಯೆನ್ನಬಹುದು.

ಆದರೂ ಹಳೆಯ ಮನೆಯ ಒಂದು ಕೋಣೆ ಹಾಗೆಯೇ ಉಳಿದುಕೊಂಡಿದೆ. ಒಬ್ಬನು ಶಾಂತಿಭಂಗ ಮಾಡಿಯಾನೆಂಬ ಭಯವಿದ್ದರೆ, ಅವನು ಇನ್ನೂ ಏನೂ ಮಾಡಿರದಿದ್ದರೂ, ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರು ಅವನನ್ನು ಕರೆಯಿಸಿ, ವಿಚಾರಣೆ ನಡೆಯಿಸಿ, ಒಂದು ವರ್ಷದವರೆಗಿನ ಅವಧಿಗೆ ಮುಚ್ಚಳಿಕೆಯನ್ನೂ ಜಾಮೀನನ್ನೂ ಕೇಳಬಹುದು. ಅದನ್ನು ಕೊಡದವನು ಸೆರೆಮನೆಗೆ ಹೋಗಬೇಕಾಗುತ್ತದೆ. ಜಾಮೀನಿಗೆ ಜನ ಸಿಕ್ಕದ ಬಡವನೇ ಹೆಚ್ಚಾಗಿ ಹೋಗುತ್ತಾನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೆಂಗಳೂರಿನಂಥ ಪಟ್ಟಣಗಳಲ್ಲಿ ಈ ಮ್ಯಾಜಿಸ್ಟ್ರೇಟಿಕೆಯು ಪೊಲೀಸು ಕಮಿಷನರರಿಗೇ ಸೇರಿದೆ. ಅಲ್ಲಿ ಒಬ್ಬನ ಮೇಲೆ ವರದಿ ಬರೆಯುವ ಇನ್‌ಸ್ಪೆಕ್ಟರರೂ, ಆ ವರದಿಯನ್ನು ಓದಿ ಅವನಿಂದ ಮುಚ್ಚಳಿಕೆ ಬೇಕೆ ಬೇಡವೆ ಎಂದು ತೀರ್ಮಾನಿಸುವ ಅಧಿಕಾರಿಗಳೂ ಒಂದೇ ಇಲಾಖೆಯವರು.